ಹೇಳು, ಆಮೇಲೆ ಒತ್ತು

ನಮ್ಮ ಶಾಲೆಗಳಿಗೆ ಕಂಪ್ಯೂಟರ್ ಎಂಬುದು ಇನ್ನೂ ಹೆಸರಿನಲ್ಲಿ ಮಾತ್ರ ಪರಿಚಯವಾಗಿದ್ದ ಕಾಲದಲ್ಲಿ, ಅದನ್ನು ಬೀಗ ಹಾಕಿದ ಬೀರುವಿನಿಂದ ಇಳಿಸಿ ಮಕ್ಕಳ ಬೆರಳಿಗೆ ಒಪ್ಪಿಸಿದ ಕೆಲವೇ ಕೆಲವು ಶಿಕ್ಷಕರಲ್ಲಿ ನಮ್ಮ ಮೇಡಂ ಅಗ್ರಗಣ್ಯರು. ಇಂದು ಅನೇಕ ಶಾಲೆಗಳಲ್ಲಿ ನಡೆಯುತ್ತಿರುವ ‘ಹೇಳು, ಆಮೇಲೆ ಒತ್ತು’ ಎಂಬ ಪಾಠಕ್ರಮ ಹುಟ್ಟಿದ್ದು ಅವರ ಕೋಣೆಯಲ್ಲಿ. ಶಿಕ್ಷಕರ ತರಬೇತಿಗಳಲ್ಲಿ ಅದನ್ನು ಈಗ ದೊಡ್ಡ ದೊಡ್ಡ ಪದಗಳಲ್ಲಿ ವಿವರಿಸುವ ವಿದ್ವಾಂಸರೂ ಇದ್ದಾರೆ. ಅಂಥ ಮೇಡಂ ನಿವೃತ್ತರಾದ ಈ ಸಂದರ್ಭದಲ್ಲಿ ಹೊರಬರುತ್ತಿರುವ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನಾನು ಬಿಗುಮಾನ ಮಾಡಲಿಲ್ಲ. ಅವರ ಪಕ್ಕದ ಕೋಣೆಯಲ್ಲಿ ಸೇವೆಯ ಬಹುಪಾಲು ಗಣಿತ ಹೇಳಿಕೊಟ್ಟು, ಆ ಗೋಡೆಯಾಚೆಯ ಗದ್ದಲವನ್ನು ಎಲ್ಲರಿಗಿಂತ ಹೆಚ್ಚು ಸಹಿಸಿಕೊಂಡವನು ನಾನು. ಈ ಗೌರವ ನನಗೆ ನ್ಯಾಯವಾಗಿಯೇ ಬಂದಿದೆ.

ಸಮಿತಿಯವರು ಒಂದು ಷರತ್ತನ್ನೂ ಹಾಕಿದ್ದರು. “ಸಾರ್, ಸ್ವಲ್ಪ ಗಾಂಭೀರ್ಯ ಇರಲಿ, ಜಗಳದ ವಿಷಯ ಬೇಡ” ಎಂದರು. ನಮ್ಮಿಬ್ಬರ ಸ್ನೇಹದಿಂದ ಜಗಳವನ್ನು ಸೋಸಿ ತೆಗೆದರೆ ಉಳಿಯುವುದು ನಮಸ್ಕಾರ ಮತ್ತು ಮರುನಮಸ್ಕಾರ. ಅದನ್ನು ಓದಲು ಯಾರೂ ಸಂಪುಟ ಕೊಳ್ಳಬೇಕಾಗಿಲ್ಲ. ಮೇಡಂ ಅವರ ವಿದ್ವತ್ತು, ಬಹುಮಾನಗಳು, ಶಿಷ್ಯಸಂಪತ್ತು ಇವುಗಳ ಬಗ್ಗೆ ಬೇರೆಯವರು ಬರೆಯುತ್ತಾರೆ. ಅವರ ಆ ಕೋಣೆ ಒಮ್ಮೆ ಕೈಬಿಟ್ಟುಹೋಗುವುದರಲ್ಲಿತ್ತು. ಅದು ಹೇಗೆ ಹೋಗುವುದರಲ್ಲಿತ್ತು, ಹೇಗೆ ಉಳಿಯಿತು ಎಂಬಷ್ಟನ್ನೇ ನಾನು ಅವರ ಅಪ್ಪಣೆ ಪಡೆದು ಇಲ್ಲಿ ಹೇಳುತ್ತೇನೆ.

ಅವರು ಮೊದಲು ಬಂದದ್ದು ಬೆರಳಚ್ಚು ಕಲಿಸುವ ಶಿಕ್ಷಕಿಯಾಗಿ. ಮೆಟ್ಟಿಲ ಕೆಳಗಿನ, ಒಂದು ಕಾಲಕ್ಕೆ ಆಟದ ಸಾಮಾನು ಇಡುತ್ತಿದ್ದ ಉದ್ದನೆಯ ಕೋಣೆಯನ್ನು ಅವರಿಗೆ ಕೊಟ್ಟಿದ್ದರು. ಮೂಲೆಯಲ್ಲಿ ಗಾಳಿ ಹೋದ ಚೆಂಡುಗಳು ಇನ್ನೂ ಬಿದ್ದಿದ್ದವು. ಅವುಗಳ ನಡುವೆ ಟೈಪ್‌ರೈಟರುಗಳನ್ನು ಸಾಲಾಗಿ ಇಟ್ಟು, ಕಲಿಯುವವರ ಕೈಗಳ ಮೇಲೆ ಒಂದೊಂದು ಬಟ್ಟೆ ಹೊದಿಸಿ, “ಕೀಲಿ ನೋಡ್ಬೇಡಿ, ಬೆರಳಿಗೇ ಕಣ್ಣು ಬರ್ಬೇಕು” ಎನ್ನುತ್ತಿದ್ದರು. ಆಗ ಅದು ನಮಗೆಲ್ಲ ಬರಿಯ ಪಾಠದ ಮಾತಾಗಿ ಕೇಳಿಸಿತ್ತು.

ಅವರ ಮನೆಯವರು ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡವರು, ಮಾತು ಕಡಿಮೆ. ಯಾರೋ ಗಿರಾಕಿ ‘ಇದು ಕೆಟ್ಟಿದೆ, ನೀವೇ ಇಟ್ಕೊಳ್ಳಿ’ ಎಂದು ಬಿಟ್ಟುಹೋದ ಪುಟ್ಟ ಕಂಪ್ಯೂಟರೊಂದನ್ನು ಅವರು ಬಿಚ್ಚಿ, ಬೆಸುಗೆ ಹಾಕಿ, ಜೀವ ಬರಿಸಿದ್ದರು. ಮೇಡಂ ಅದನ್ನು ಟವೆಲಿನಲ್ಲಿ ಸುತ್ತಿ, ಎಳೆಗೂಸನ್ನು ತರುವ ಹಾಗೆ ಎದೆಗವಚಿಕೊಂಡು ಶಾಲೆಗೆ ತಂದರು. ಬಿಚ್ಚಿ ನೋಡಿದರೆ ಮನೆಪಾಠದ ಸ್ಲೇಟಿನಷ್ಟು ಅಗಲದ ಕಪ್ಪು ಡಬ್ಬಿ. ಅಳಿಸುವ ರಬ್ಬರಿನಂಥ ಮೆತ್ತನೆಯ ಬೂದು ಕೀಲಿಗಳು, ಒಂದೊಂದು ಕೀಲಿಯ ಮೇಲೂ ಕೆಳಗೂ ಪಕ್ಕದಲ್ಲೂ ಇರುವೆಯಷ್ಟು ಸಣ್ಣ ಅಕ್ಷರಗಳು. ಇದಕ್ಕೆ ಪರದೆ ಎಲ್ಲಿ ಎಂದರೆ, ನಮ್ಮ ಸ್ಟಾಫ್ ರೂಮಿನ ಟೀವಿಯೇ ಪರದೆ ಎಂದರು. ಟೀವಿ ಹೋಯಿತು. ಅದರೊಂದಿಗೆ ನಮ್ಮ ಮಧ್ಯಾಹ್ನದ ಕ್ರಿಕೆಟ್ಟೂ ಹೋಯಿತು. ನನ್ನ ಮೊದಲ ಜಗಳ ಅಲ್ಲಿಂದ ಶುರು.

ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ಆ ಡಬ್ಬಿಗೆ ನೆನಪೆಂಬುದೇ ಇರಲಿಲ್ಲ. ಪ್ಲಗ್ ಸ್ವಲ್ಪ ಅಲುಗಿದರೂ ಬೆಳಗಿನಿಂದ ಬಡಿದದ್ದೆಲ್ಲ ಮಾಯ. ಅದಕ್ಕಾಗಿ ಪ್ಲಗ್ಗಿನ ಮುಂದೆ ಒಂದು ಇಟ್ಟಿಗೆಯನ್ನು ಕಾವಲು ಇಟ್ಟಿದ್ದರು. ಆಟವನ್ನೋ ಪಾಠವನ್ನೋ ಯಂತ್ರಕ್ಕೆ ಉಣಿಸಬೇಕಾದರೆ ಹಾಡು ಕೇಳುವ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಬೇಕು. ಆಗ ಹೊರಡುವ ಸದ್ದಿದೆಯಲ್ಲ, ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದಂತೆ, ಅದು ಗೋಡೆ ದಾಟಿ ನನ್ನ ರೇಖಾಗಣಿತದ ಮೇಲೆ ಬಂದು ಬೀಳುತ್ತಿತ್ತು. ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಓಡುತ್ತಿದ್ದವು, ಮಕ್ಕಳು ಉಸಿರು ಹಿಡಿದು ಕಾಯುತ್ತಿದ್ದರು, ಇನ್ನೇನು ಮುಗಿಯಿತು ಎನ್ನುವಾಗ ಎರಡರಲ್ಲಿ ಒಂದು ಸಲ ಕೈಕೊಡುತ್ತಿತ್ತು, ಮತ್ತೆ ಮೊದಲಿನಿಂದ. ಮೇಡಂ ಮಾತ್ರ ಆ ಕಿರುಚಾಟವನ್ನು ಕಣ್ಣು ಮುಚ್ಚಿ ಕೇಳಿ, “ಇದು ಬರಲ್ಲ, ವಾಲ್ಯೂಮ್ ಒಂದು ಚೂರು ಇಳಿಸು” ಎನ್ನುವರು. ಕೇಳಿಯೇ ಇದು ಯಾವ ಆಟ, ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲವರಾಗಿದ್ದರಿಂದ ಮಕ್ಕಳು ಅವರಿಗೆ ‘ಕ್ಯಾಸೆಟ್ ಮೇಡಂ’ ಎಂದು ಹೆಸರಿಟ್ಟರು.

ಊರಲ್ಲಿ ಸುದ್ದಿ ಹರಡಿ, ಮನೆಗಳಲ್ಲಿ ಧೂಳು ಕುಡಿಯುತ್ತಿದ್ದ ಅಂಥವೇ ಡಬ್ಬಿಗಳು ಒಂದೊಂದಾಗಿ ಬಂದು ಸೇರಿದವು. ಕೆಲವಕ್ಕೆ ಗಟ್ಟಿ ಕೀಲಿ, ಒತ್ತಿದರೆ ಟಕ್ ಎಂದು ಉತ್ತರ ಕೊಡುವಂಥವು. ಒಂದಕ್ಕೆ ಕೀಲಿಯೇ ಇಲ್ಲದ ನುಣ್ಣನೆಯ ಹಾಳೆ, ಅದರ ಮೇಲೆ ಬೆರಳು ಇಟ್ಟರೆ ಒತ್ತಿದೆವೋ ಇಲ್ಲವೋ ದೇವರಿಗೇ ಗೊತ್ತು. ಮಾಸಪತ್ರಿಕೆಗಳಲ್ಲಿ ಅಚ್ಚಾದ ಪ್ರೋಗ್ರಾಮುಗಳನ್ನು ಮಕ್ಕಳು ಸಾಲು ಸಾಲಾಗಿ ಬಡಿದು, ಒಂದು ಅಲ್ಪವಿರಾಮ ತಪ್ಪಿ, ಅದನ್ನು ಹುಡುಕುವುದರಲ್ಲಿ ವಾರ ಕಳೆಯುತ್ತಿದ್ದರು. ಆದರೆ ಎಲ್ಲರೂ ಬರುತ್ತಿದ್ದುದು ಆಟಕ್ಕೆ. ಅದರಲ್ಲೂ ಒಂದು ಆಟ. ಕ್ಯಾಸೆಟ್ಟಿನ ಮೇಲಿನ ಹೆಸರು ಏನಿತ್ತೋ, ನಮ್ಮಲ್ಲಿ ಅದು ‘ಅಂಚೆಯಣ್ಣ’. ಹೆಗಲಿಗೆ ಚೀಲ ಹಾಕಿದ ಪುಟ್ಟ ಅಂಚೆಯವನು ಸೂರಿನಿಂದ ಸೂರಿಗೆ ಹಾರಿ, ಏಣಿ ಹತ್ತಿ, ಬಾಗಿಲಿಗೆ ಕಾಗದ ಮುಟ್ಟಿಸಬೇಕು. ಕಾಲಿಟ್ಟರೆ ‘ಟಿಕ್’, ಹಾರಿದರೆ ‘ಟುಯ್’, ಬಿದ್ದರೆ ‘ಡುಂಯ್’. ಒಂದು ಪರದೆ ದಾಟಿದರೆ ಒಂದು ಮನೆ ಆಯಿತೆಂದು ಲೆಕ್ಕ.

“ಶಾಲೆ ಇರೋದು ಓದೋಕೆ ಮೇಡಂ, ಆಡೋಕಲ್ಲ” ಎಂದು ನಾನು ಹೋಗಿ ಹೇಳಿದೆ.

“ನಿಮ್ಮ ಲೆಕ್ಕಕ್ಕೆ ಹೆದರಿ ಓಡಿಬಂದೋರು ಸಾರ್ ಇವರೆಲ್ಲ. ಬೆರಳು ಮೊದಲು ನಗಲಿ, ಆಮೇಲೆ ಕಲಿಯುತ್ತೆ” ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ಇಡೀ ಶಾಲೆಗೆ ಗೊತ್ತಿರುವ ಸಂಗತಿ. ಅವರು ಮಾತ್ರ ಅದನ್ನು ಕಂಡೂ ಕಾಣದಂತೆ ಇರುತ್ತಿದ್ದರು. ನನ್ನ ಕೆಟ್ಟ ಕೈಬರಹದ ಪ್ರಶ್ನೆಪತ್ರಿಕೆಗಳನ್ನು ಬೆರಳಚ್ಚಿಸಿ ಕೊಟ್ಟವರು ಅವರೇ. ಕೇಳದೆ ಮಾಡಿದ ಉಪಕಾರ ಇನ್ನೊಂದಿದೆ. ನಮ್ಮ ತಾಯಿ ಹಾಸಿಗೆ ಹಿಡಿದು, ಕೂಗಲೂ ದನಿ ಇಲ್ಲದಂತಾಗಿದ್ದಾಗ, ಒಂದು ಭಾನುವಾರ ಮೇಡಂ ತಮ್ಮ ಮನೆಯವರನ್ನು ಕರೆದುಕೊಂಡು ಬಂದರು. ಸತ್ತುಹೋದ ಕಂಪ್ಯೂಟರೊಂದರ ಅಗಲದ ಕೀಲಿಯನ್ನು ಕಿತ್ತು ತಂದಿದ್ದರು. ಅದನ್ನು ಮರದ ತುಂಡಿಗೆ ಕೂರಿಸಿ, ತಂತಿ ಎಳೆದು, ಅಡುಗೆಮನೆಯಲ್ಲಿ ಗಂಟೆ ಬಾರಿಸುವಂತೆ ಮಾಡಿ ಅಮ್ಮನ ಕೈಯಡಿ ಇಟ್ಟರು. ಮೆತ್ತಗೆ ಒತ್ತಿದರೂ ಸಾಕು. ಅಮ್ಮ ಅದನ್ನು ಹೊತ್ತಿಲ್ಲ ಗೊತ್ತಿಲ್ಲ ಒತ್ತಿ ನನ್ನ ಹೆಂಡತಿಯ ಪ್ರಾಣ ಹಿಂಡಿದರು, ಆದರೆ ಕೊನೆಯ ದಿನಗಳಲ್ಲಿ ಅವರು ನಕ್ಕದ್ದು ಆ ಗಂಟೆ ಬಾರಿಸಿ ಸೊಸೆ ಓಡಿಬಂದಾಗಲೇ. ಆ ಕೀಲಿ ಇನ್ನೂ ನಮ್ಮ ಮನೆಯಲ್ಲಿದೆ.

ಹೀಗೆ ಕೆಲವು ವರ್ಷ ಕಳೆದ ಮೇಲೆ ಆ ಕೋಣೆಯಲ್ಲಿ ಹೊಸದೊಂದು ರೂಢಿ ಬಂತು. ಯಂತ್ರದ ಮುಂದೆ ಕೂತವರು ತಮಗೆ ಏನು ಕಾಣುತ್ತಿದೆ, ತಾವು ಏನು ಒತ್ತಲಿದ್ದೇವೆ, ಯಾಕೆ ಒತ್ತಲಿದ್ದೇವೆ ಎಂಬುದನ್ನು ಮೊದಲು ಬಾಯಿಬಿಟ್ಟು ಹೇಳಬೇಕು, ಆಮೇಲೆ ಒತ್ತಬೇಕು. ಹೇಳದೆ ಒತ್ತಿದವರು ಎದ್ದು ಹಿಂದಕ್ಕೆ ಹೋಗಬೇಕು. ಮೇಡಂ ಸಾಲಿನ ನಡುವೆ ಕೈಕಟ್ಟಿ ನಡೆಯುತ್ತ ಕೇಳಿಸಿಕೊಳ್ಳುವರು. “ಮೂರನೇ ಸಾಲಲ್ಲಿ ತಪ್ಪು ತೋರಿಸ್ತಿದೆ ಮೇಡಂ, ಆವರಣ ಮುಚ್ಚಿಲ್ಲ, ಮುಚ್ತೀನಿ” ಎಂದು ಒಬ್ಬ, “ಅಂಚೆಯಣ್ಣ ಏಣಿ ಕೆಳಗಿದಾನೆ, ಹಾರಿಸ್ತೀನಿ” ಎಂದು ಇನ್ನೊಬ್ಬ. ಎಲ್ಲರೂ ಒಟ್ಟಿಗೆ. ಗೋಡೆಯಾಚೆ ನನ್ನ ಗತಿ ಊಹಿಸಿಕೊಳ್ಳಿ. ಮುಖ್ಯೋಪಾಧ್ಯಾಯರಿಗೆ ನಾನು ದೂರು ಕೊಟ್ಟದ್ದಕ್ಕೆ ಲೆಕ್ಕವಿಲ್ಲ, ಇಂದಿಗೂ ಅದನ್ನು ಹಿಂತೆಗೆದುಕೊಂಡಿಲ್ಲ, ಗದ್ದಲ ಗದ್ದಲವೇ.

ಆದರೆ ನನ್ನ ತರಗತಿಯಲ್ಲೂ ಒಂದು ವಿಚಿತ್ರ ಶುರುವಾಯಿತು. ಅವರ ಕೋಣೆಯಿಂದ ನನ್ನ ಪಾಠಕ್ಕೆ ಬಂದ ಮಕ್ಕಳು ಬೋರ್ಡಿನ ಮುಂದೆ ನಿಂತು, ಬರೆಯುವ ಮೊದಲು ತಮ್ಮಷ್ಟಕ್ಕೇ ಹೇಳಿಕೊಳ್ಳತೊಡಗಿದರು. ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ, “ಅಯ್ಯೋ, ಇಲ್ಲೇ ತಪ್ಪಿದೆ ಸಾರ್” ಎಂದು ತಾವೇ ಅಳಿಸುವರು. ನಾನು ಬೈಯಲು ತೆರೆದ ಬಾಯಿ ಹಾಗೇ ಮುಚ್ಚಬೇಕಾಗಿ ಬಂದದ್ದು ನನ್ನ ವೃತ್ತಿಜೀವನದಲ್ಲಿ ಹೊಸ ಅನುಭವ.

ಆ ಮಕ್ಕಳಲ್ಲಿ ಒಬ್ಬ ಹುಡುಗಿಗೆ ತೊದಲು. ದರ್ಜಿಯೊಬ್ಬರ ಮಗಳು. ‘ಹೇಳು’ ಎಂಬುದೇ ಅವಳಿಗೆ ಶಿಕ್ಷೆ. ತುಟಿ ನಡುಗಿ, ಕಣ್ಣಲ್ಲಿ ನೀರು ತುಂಬಿ, ಕೀಲಿ ಮುಟ್ಟದೆ ಎದ್ದು ಹೋಗುತ್ತಿದ್ದಳು. ಹೇಳದಿದ್ದರೂ ಒತ್ತಬಹುದು ಎಂದು ಅವಳೊಬ್ಬಳಿಗೆ ವಿನಾಯಿತಿ ಕೊಡಿ ಎಂದು ನಾನೇ ಸಲಹೆ ಕೊಟ್ಟೆ. ಮೇಡಂ ಯಾಕೋ ಒಪ್ಪಲಿಲ್ಲ. ಅವಳನ್ನು ಟೇಪ್ ರೆಕಾರ್ಡರಿನ ಪಕ್ಕದ ಯಂತ್ರಕ್ಕೆ ಕೂರಿಸಿ, “ಕ್ಯಾಸೆಟ್ ಕಿರುಚ್ತಾ ಇರುವಾಗ ಹೇಳು ಮಗಳೇ. ಬೇರೆ ಯಾರಿಗೂ ಕೇಳ್ಸಲ್ಲ, ನನಗೆ ಕೇಳ್ಸುತ್ತೆ” ಎಂದರು. ಹುಡುಗಿ ಆ ಸದ್ದಿನ ಮರೆಯಲ್ಲಿ ಮಾತಾಡಲು ಕಲಿತಳು. ಅವಳಿಗಾಗಿ ಮೇಡಂ ಬೇಕಿಲ್ಲದ ಕ್ಯಾಸೆಟ್ಟುಗಳನ್ನೂ ಓಡಿಸುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಅದೇ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಮೇಡಂ ಅವರಿಗೆ ಜಂಭ ಬಂದಿದೆ ಎಂಬ ಮಾತು ಹಬ್ಬಿತ್ತು. ಎದುರಿಗೆ ನಿಂತವರ ಮುಖ ನೋಡದೆ ಕಿವಿಯ ಪಕ್ಕ ಎಲ್ಲೋ ನೋಡಿಕೊಂಡು ಮಾತಾಡುತ್ತಾರೆ, ವರಾಂಡದಲ್ಲಿ ನಕ್ಕರೆ ತಿರುಗಿ ನಗುವುದಿಲ್ಲ, ನಾವೇ ಬಾಯಿ ಬಿಟ್ಟು ಮಾತಾಡಿಸಬೇಕು. ಮೇಲಾಗಿ ಹಟ. ಶಾಲೆಗೆ ಆಗಷ್ಟೇ ಹೊಸ ಕಂಪ್ಯೂಟರುಗಳು ಬಂದಿದ್ದವು, ಚಿತ್ರ ಚಿತ್ರವಾದ ಪರದೆ, ಬಾಣವನ್ನು ಓಡಿಸುವ ಮೌಸು. ಹಳೆಯವನ್ನೆಲ್ಲ ಗುಜರಿಗೆ ಹಾಕಿ ಕೋಣೆ ತೆರವು ಮಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದರೆ, “ಅವು ಇರ್ಲಿ ಸಾರ್” ಎಂದು ಮೇಡಂ ಗೋಗರೆಯುತ್ತಿದ್ದರು. ಹಳೇ ಗಂಡನ ಪಾದವೇ ಗತಿ ಎನ್ನುವ ಹಾಗೆ ಆ ರಬ್ಬರು ಕೀಲಿಗಳಿಗೆ ಅಂಟಿಕೊಂಡಿದ್ದಾರೆ ಎಂದು ನಾವು ತಮಾಷೆ ಮಾಡಿದೆವು.

ಒಂದು ಮಧ್ಯಾಹ್ನ, ಮಕ್ಕಳೆಲ್ಲ ಮೈದಾನಕ್ಕೆ ಹೋಗಿದ್ದಾಗಲೂ ಗೋಡೆಯಾಚೆ ಟಿಕ್ ಟಿಕ್ ಟುಯ್ ನಿಲ್ಲಲಿಲ್ಲ. ಉತ್ತರಪತ್ರಿಕೆ ತಿದ್ದುತ್ತಿದ್ದ ನಾನು ತಲೆ ಚಿಟ್ಟು ಹಿಡಿದು ಎದ್ದು ಹೋದೆ. ಮೇಡಂ ಒಬ್ಬರೇ ಅಂಚೆಯಣ್ಣ ಆಡುತ್ತಿದ್ದರು. ಬೆನ್ನು ನೆಟ್ಟಗೆ, ಮುಖ ಸ್ವಲ್ಪ ಪಕ್ಕಕ್ಕೆ, ಬೆರಳು ಕೀಲಿಗಳ ಮೇಲೆ ಹಾರುತ್ತಿದ್ದವು. ನನ್ನ ಹೆಜ್ಜೆ ಸದ್ದು ಹಿಡಿದು, “ಬನ್ನಿ ಸಾರ್, ನೋಡಿ, ಒಂದು ಸಲಾನೂ ಬೀಳದೆ ಏಣಿ ಮನೆ ದಾಟಿಸಿದೀನಿ” ಎಂದರು.

ನಾನು ನೋಡಿದೆ. ಟೀವಿಯಲ್ಲಿ ಅಂಚೆಯಣ್ಣನೂ ಇರಲಿಲ್ಲ, ಏಣಿಯೂ ಇರಲಿಲ್ಲ. ಹಿಂದಿನ ಕೇಬಲ್ ಜಾರಿ ಬಿದ್ದು, ಪರದೆಯ ತುಂಬ ಅಕ್ಕಿ ಚೆಲ್ಲಿದಂತೆ ಬಿಳಿ ಕಾಳುಗಳು ಕುಣಿಯುತ್ತಿದ್ದವು. ಟೀವಿಯ ದನಿ ಅವರು ಯಾವಾಗಲೂ ಆರಿಸಿಯೇ ಇಡುತ್ತಿದ್ದರು. ಆಟದ ಸದ್ದು ಬರುತ್ತಿದ್ದದ್ದು ಆ ಕಪ್ಪು ಡಬ್ಬಿಯ ಹೊಟ್ಟೆಯೊಳಗಿಂದ. ಆ ಟಿಕ್ಕು ಟುಯ್ಯುಗಳನ್ನೇ ಹಿಡಿದು ಅವರು ಸೂರಿನಿಂದ ಸೂರಿಗೆ ಹಾರುತ್ತಿದ್ದರು. ಜೋರು ಮಾಡಲು ಬಂದವನು ನಾನು, ಕಾಲು ಕಿತ್ತಿಡಲಾಗದೆ ನಿಂತುಬಿಟ್ಟೆ.

“ಚೆನ್ನಾಗಿದೆ ಅಲ್ವಾ ಸಾರ್?” ಎಂದರು.

“ಮೇಡಂ, ಟೀವಿ ಕೇಬಲ್ ಬಿದ್ದುಹೋಗಿದೆ” ಎಂದೆ.

ಅವರ ಬೆರಳು ನಿಂತವು. ಡಬ್ಬಿಯೊಳಗಿಂದ ‘ಡುಂಯ್’ ಎಂದು ಅಂಚೆಯಣ್ಣ ಬಿದ್ದ ಸದ್ದು ಬಂತು. ಆಮೇಲೆ ಅವರು ಕುರ್ಚಿಯನ್ನು ತಿರುಗಿಸಿ, ನನ್ನ ಕಿವಿಯ ಪಕ್ಕ ನೋಡುತ್ತ ಹೇಳಿದರು, “ಬಾಗಿಲು ಮುಂದೆ ಮಾಡಿ ಸಾರ್.”

ಅವರ ಕಣ್ಣಿನ ನಟ್ಟನಡುವೆ ಒಂದು ಮಸುಕು ಕೂತಿತ್ತು, ವರ್ಷ ವರ್ಷ ಅದು ಹರಡುತ್ತಿತ್ತು. ಅಂಚಿನಲ್ಲಿ ಕಾಣುತ್ತದೆ, ಆದ್ದರಿಂದ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಟೀವಿ ಮಿಣುಕುತ್ತಿದೆಯೋ ಆರಿದೆಯೋ ತಿಳಿಯಬಹುದು. ನೇರ ನೋಡಿದ್ದು ಮಾತ್ರ ಅಳಿಸಿಹೋಗುತ್ತದೆ. “ನಿಮ್ಮನ್ನ ನೋಡ್ಬೇಕು ಅಂದ್ರೆ ಪಕ್ಕದ ಗೋಡೆ ನೋಡ್ಬೇಕು ಸಾರ್. ಜನ ಜಂಭ ಅಂತಾರೆ, ಅಂದ್ಕೊಳ್ಳಲಿ, ಅದೇ ಒಳ್ಳೇದು” ಎಂದರು. ವೈದ್ಯರು ಇದಕ್ಕೆ ಮದ್ದಿಲ್ಲ ಎಂದು ಕೈಚೆಲ್ಲಿದ್ದರು. ಮನೆಯಲ್ಲಿ ಗಂಡನಿಗೆ, ಕಾಲೇಜಿಗೆ ಹೋಗುವ ಮಗಳಿಗೆ ಬಿಟ್ಟರೆ ಯಾರಿಗೂ ತಿಳಿಸಿರಲಿಲ್ಲ. ಹೊಸ ಯಂತ್ರದ ಬಾಣ ಅವರಿಗೆ ಕಾಣುವುದೇ ಇಲ್ಲ. ಹಳೆಯ ಕೀಲಿಗಳು ಬೆರಳಿಗೆ ಗೊತ್ತು, ಹಳೆಯ ಆಟಗಳು ಕಿವಿಗೆ ಗೊತ್ತು. ‘ಹೇಳು, ಆಮೇಲೆ ಒತ್ತು’ ಎಂಬುದು ಎಲ್ಲಿಂದ ಬಂತೆಂದು ನನಗೆ ಆಗ ಹೊಳೆಯಿತು. ಮಕ್ಕಳು ಹೇಳದಿದ್ದರೆ ಅವರಿಗೆ ಪರದೆಯೇ ಇಲ್ಲ. ಆ ತೊದಲುವ ಹುಡುಗಿಗೆ ವಿನಾಯಿತಿ ಕೊಡಲಾಗದೆ ಅವರು ಎಷ್ಟು ಸಂಕಟಪಟ್ಟಿರಬೇಕು.

“ಕೆಲಸದ ಚಿಂತೇನಾ ಮೇಡಂ?” ಎಂದು ಕೇಳಿದೆ.

“ಕೆಲಸ ಹೋದ್ರೆ ಹೋಗ್ಲಿ ಸಾರ್, ಹೇಗೋ ಆಗುತ್ತೆ. ಹೊರಗೆ ರಸ್ತೇಲಿ ನಾನು ಕುರುಡಿ, ಅಂಗಡೀಲಿ ಕುರುಡಿ. ಈ ಕೋಣೇಲಿ ಮಾತ್ರ ಅಲ್ಲ. ಇದು ಹೋದ್ರೆ ನಾನು ಪೂರ್ತಿ ಕುರುಡಿ ಆಗ್ಬಿಡ್ತೀನಿ.” ಇಷ್ಟನ್ನು ಅವರು ಅಳದೆ ಹೇಳಿದರು. ನಾನು ಟೀವಿಯ ಹಿಂದೆ ಬಗ್ಗಿ, ಕೇಬಲ್ ಸಿಕ್ಕಿಸುವ ನೆಪದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದೆ.

ಅದಾಗಿ ತಿಂಗಳೊಪ್ಪತ್ತಿನಲ್ಲಿ ಶಾಲೆಗೆ ತಪಾಸಣೆ ಬಂತು. ಹೊಸ ಕಂಪ್ಯೂಟರುಗಳನ್ನು ಶಿಕ್ಷಕರು ಹೇಗೆ ಬಳಸುತ್ತಿದ್ದಾರೆ ಎಂದು ಅಧಿಕಾರಿಗಳು ಕೂತು ನೋಡುತ್ತಾರಂತೆ. ಬಳಸಲು ಬಾರದವರ ಕೈಯಿಂದ ಕೋಣೆ ಬೇರೆಯವರಿಗೆ ಹೋಗುತ್ತದಂತೆ. ಹಿಂದಿನ ದಿನ ಮೇಡಂ ನನ್ನ ಬಾಗಿಲಿಗೆ ಬಂದು, “ಸಾರ್, ನಾಳೆ ದಯವಿಟ್ಟು ಆ ಕಡೆ ಬರ್ಬೇಡಿ. ನಿಮ್ಮ ಮುಖ ನೋಡಿದ್ರೇ ಎಲ್ಲರಿಗೂ ಗೊತ್ತಾಗ್ಬಿಡುತ್ತೆ” ಎಂದರು. ನನ್ನ ಮುಖ ನಿಮಗೆ ಕಾಣುವುದೇ ಇಲ್ಲವಲ್ಲ ಎಂದರೆ, “ಅದು ಕಾಣ್ಬೇಕಾಗಿಲ್ಲ, ಉಸಿರಲ್ಲೇ ಕೇಳ್ಸುತ್ತೆ” ಎಂದು ನಕ್ಕರು.

ಹಾಗಾಗಿ ಆ ತಪಾಸಣೆಯನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ನನ್ನ ಮಕ್ಕಳಿಗೆ ಲೆಕ್ಕ ಕೊಟ್ಟು, ಬಾಯಿಗೆ ಬೀಗ ಹಾಕಿಸಿ, ಗೋಡೆಗೆ ಕುರ್ಚಿ ಒತ್ತಿ ಕೂತೆ. ಅಧಿಕಾರಿಯವರ ದನಿ ಕೇಳಿಸಿತು, “ಎಲ್ಲಿ ಮೇಡಂ, ಒಂದು ಪತ್ರ ತೆರೆದು, ತಿದ್ದಿ, ಉಳಿಸಿ ತೋರ್ಸಿ ನೋಡೋಣ.”

“ಈ ಕೋಣೇಲಿ ಕೀಲಿ ಮುಟ್ಟೋದು ಕಲಿಯೋರು ಮಾತ್ರ ಸಾರ್. ಇವತ್ತು ನೀವೇ ಕೂತ್ಕೊಳ್ಳಿ” ಎಂದರು ಮೇಡಂ.

ಕುರ್ಚಿ ಕಿರಗುಟ್ಟಿತು. “ಏನು ಕಾಣ್ತಿದೆ, ಹೇಳಿ ಸಾರ್.” “ಒಂದು ಬಾಣ.” “ಎಲ್ಲಿದೆ?” “ಮೂಲೇಲಿ.” “ಯಾವ ಮೂಲೆ?” “ಎಡಗಡೆ, ಮೇಲೆ.” “ಅಲ್ಲಿ ಏನು ಬರೆದಿದೆ, ಓದಿ.” ಹೀಗೆ ಒಂದೊಂದೇ ಹೇಳಿಸುತ್ತ ಅವರನ್ನು ಪತ್ರದೊಳಕ್ಕೆ ಕರೆದೊಯ್ದರು. ಅಷ್ಟರಲ್ಲಿ ಅಧಿಕಾರಿಗಳಿಗೆ ಧೈರ್ಯ ಬಂದಿರಬೇಕು, ಮಾತು ನಿಂತಿತು. ಮೌಸು ಟಕ್ ಟಕ್ ಎಂದದ್ದು ಗೋಡೆಯಾಚೆ ನನಗೇ ಕೇಳಿಸಿತು. ಅವರು ಎಲ್ಲಿ ಒತ್ತಿದರು, ಪರದೆ ಮೇಲೆ ಏನು ಬಂತು, ಮೇಡಂಗೆ ಗೊತ್ತಾಗುವ ದಾರಿಯೇ ಇಲ್ಲ. “ಈಗೇನು ಮಾಡ್ಬೇಕು ಮೇಡಂ? ಇಲ್ಲಿದೆಯಲ್ಲ, ನೋಡಿ ಹೇಳಿ” ಎಂದರು ಅಧಿಕಾರಿಗಳು. ಉತ್ತರ ಬರಲಿಲ್ಲ. ನಾನು ಎದ್ದು ನಿಂತುಬಿಟ್ಟೆ.

ಆಗ ಕೋಣೆಯ ಹಿಂಬದಿಯಿಂದ, ಕ್ಯಾಸೆಟ್ಟಿನ ಯಾವ ಮರೆಯೂ ಇಲ್ಲದೆ, ಒಂದು ಸಣ್ಣ ದನಿ ಎದ್ದಿತು. “ಸ... ಸಾರ್, ತ... ತಪ್ಪು. ಹೇ... ಹೇಳಿ, ಆಮೇಲೆ ಒ... ಒತ್ತಬೇಕು. ಹೇಳದೆ ಒತ್ತಿದೋರು ಹಿಂ... ಹಿಂದಕ್ಕೆ ಹೋಗ್ಬೇಕು.”

ಅಧಿಕಾರಿಗಳು ಗಟ್ಟಿಯಾಗಿ ನಕ್ಕರು, ಕ್ಷಮಿಸಮ್ಮ ಎಂದರು, ತಾವು ಒತ್ತಿದ್ದನ್ನೂ ಪರದೆಯಲ್ಲಿ ಬಂದದ್ದನ್ನೂ ಮೊದಲಿನಿಂದ ಓದಿ ಹೇಳಿದರು. ಮೇಡಂ ದನಿ ಮತ್ತೆ ಕೇಳಿಸಿತು, ಸ್ವಲ್ಪ ಒದ್ದೆಯಾಗಿ, ಆದರೆ ತಪ್ಪದೆ. ಪತ್ರ ತಿದ್ದಿ ಉಳಿಯಿತು. ಮಕ್ಕಳಿಗೆ ಎಲ್ಲವೂ ಮೊದಲೇ ಗೊತ್ತಿತ್ತು, ಯಾವತ್ತಿನಿಂದ ಎಂಬುದನ್ನು ಅವರು ಯಾರಿಗೂ ಹೇಳಿಲ್ಲ. ನಾವು ದೊಡ್ಡವರು ಜಂಭ ಎಂದುಕೊಂಡಿದ್ದನ್ನು ಅವರು ಅರ್ಥ ಮಾಡಿಕೊಂಡು, ಬಾಯಿ ಬಿಡದೆ, ದಿನವೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ಅಧಿಕಾರಿಗಳು ಪಾಠಕ್ರಮವನ್ನು ಮೆಚ್ಚಿ ಬೇರೆ ಶಾಲೆಗಳಿಗೂ ಹೇಳಿದರು. ನೋಡಲು ಶಿಕ್ಷಕರು ಗುಂಪು ಗುಂಪಾಗಿ ಬಂದರು, ಚಪ್ಪಾಳೆ ತಟ್ಟಿದರು. ಬೇರೆಯವರಾಗಿದ್ದರೆ ಅಷ್ಟಕ್ಕೆ ಬದುಕಿದೆಯಾ ಬಡಜೀವವೇ ಎಂದು ಸುಮ್ಮನಿರುತ್ತಿದ್ದರು. ಮೇಡಂಗೆ ಆಗಲಿಲ್ಲ. “ನನ್ನ ಊರುಗೋಲನ್ನ ಎಲ್ಲರೂ ಹೊಗಳ್ತಿದಾರೆ ಸಾರ್, ಕಾಲು ಇಲ್ಲ ಅಂತ ಹೇಳದೆ ಹೇಗಿರ್ಲಿ” ಎಂದರು. ಹೋಗಿ ಆಡಳಿತ ಮಂಡಳಿಯ ಮುಂದೆ ತಾವೇ ಎಲ್ಲವನ್ನೂ ಹೇಳಿದರು. ಸಭೆಯಲ್ಲಿ ಗುಜುಗುಜು. ಕಣ್ಣು ಕಾಣದವರ ಕೈಗೆ ಕಂಪ್ಯೂಟರ್ ಕೋಣೆ ಹೇಗೆ ಕೊಡುವುದು ಎಂದರು ಒಬ್ಬರು. ಪಾಪ, ಸಂಗೀತದ ತರಗತಿ ಕೊಡೋಣ ಎಂದರು ಇನ್ನೊಬ್ಬರು. “ನನಗೆ ಹಾಡೋಕೆ ಬರಲ್ಲ, ಮಕ್ಕಳು ಓಡಿಹೋಗ್ತಾರೆ” ಎಂದರು ಮೇಡಂ.

ಶಿಕ್ಷಕರ ಪ್ರತಿನಿಧಿಯಾಗಿ ಕೂತಿದ್ದ ನಾನು ಎದ್ದೆ. ಈ ಕೋಣೆ ಮುಚ್ಚಿಸಿ ಎಂದು ನನ್ನಷ್ಟು ಸಲ ಕೇಳಿದವರು ಯಾರೂ ಇಲ್ಲ, ಆ ಗದ್ದಲ ನನ್ನಷ್ಟು ಕೇಳಿಸಿಕೊಂಡವರೂ ಇಲ್ಲ, ಹಾಗಾಗಿ ಅದರಲ್ಲಿ ಏನಿದೆ ಎಂದು ನನಗೇ ಗೊತ್ತು ಎಂದೆ. ಆ ಗದ್ದಲ ಕಲಿತು ಬಂದ ಮಕ್ಕಳು ನನ್ನ ಲೆಕ್ಕದಲ್ಲಿ ತಪ್ಪಿದರೆ ಎಲ್ಲಿ ತಪ್ಪಿದೆವೆಂದು ತಾವೇ ಹೇಳುತ್ತಾರೆ, ಕಣ್ಣು ನೆಟ್ಟಗಿರುವ ನನಗೆ ಅದನ್ನು ಕಲಿಸಲು ಆಗಿರಲಿಲ್ಲ ಎಂದೆ. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿಕೊಂಡರು. “ಗಣಿತದ ಮೇಷ್ಟ್ರು ಯಾರ ಪರವಾಗಿಯಾದರೂ ಮಾತಾಡಿದ್ದನ್ನ ನಾನು ಇದೇ ಮೊದಲು ಕೇಳ್ತಿರೋದು. ನನಗೆ ಇಷ್ಟು ಸಾಕು” ಎಂದರು. ಕೋಣೆ ಉಳಿಯಿತು. ಹಳೆಯ ಡಬ್ಬಿಗಳು ಒಂದು ಗೋಡೆಗೆ, ಹೊಸವು ಇನ್ನೊಂದು ಗೋಡೆಗೆ ನಿಂತವು.

ಮುಂದಿನ ವರ್ಷಗಳಲ್ಲಿ ಪರದೆಯನ್ನು ತಾನೇ ಓದಿ ಹೇಳುವ ಕಂಪ್ಯೂಟರುಗಳೂ ಬಂದವು. ಅದರ ಮೂಗುಮೂಗಿನ ದನಿಯನ್ನು ಮೊದಲ ಸಲ ಕೇಳಿದಾಗ ಮೇಡಂ, “ಪರವಾಗಿಲ್ಲ, ಕೊನೆಗೂ ಇದಕ್ಕೂ ಹೇಳೋದು ಬಂತು” ಎಂದರು. ತೊದಲುತ್ತಿದ್ದ ಆ ಹುಡುಗಿ ಇವತ್ತು ಅದೇ ಕೋಣೆಯಲ್ಲಿ ಅವರ ಜಾಗಕ್ಕೆ ಬಂದಿದ್ದಾಳೆ. ಈಗಲೂ ತೊದಲುತ್ತಾಳೆ, ಮಕ್ಕಳು ಕಾಯುತ್ತಾರೆ. ಗದ್ದಲ ಹಾಗೇ ಇದೆಯಂತೆ. ನನ್ನ ಜಾಗಕ್ಕೆ ಬಂದ ಗಣಿತದ ಶಿಕ್ಷಕರು ದೂರು ಕೊಟ್ಟಿದ್ದಾರೆ ಎಂದು ಕೇಳಿ ನನಗೆ ಸಮಾಧಾನವಾಯಿತು.

ಬೀಳ್ಕೊಡುಗೆಯ ದಿನ ಹಾರ, ಭಾಷಣಗಳೆಲ್ಲ ಮುಗಿದ ಮೇಲೆ ಮೇಡಂ ನನ್ನನ್ನು ಆ ಕೋಣೆಗೆ ಕರೆದರು. ಅವರ ಮನೆಯವರು ಮೊದಲ ಕಪ್ಪು ಡಬ್ಬಿಯನ್ನು ಟೀವಿಗೆ ಜೋಡಿಸಿ, ಕ್ಯಾಸೆಟ್ ಹಾಕಿ, ಪ್ಲಗ್ಗಿನ ಮುಂದೆ ಹಳೆಯ ಇಟ್ಟಿಗೆಯನ್ನೂ ಇಟ್ಟಿದ್ದರು. ಆ ಕಿರುಚಾಟ ಕೇಳಿ ಎಷ್ಟೋ ವರ್ಷವಾಗಿತ್ತು. ಅದು ನನಗೆ ಇಷ್ಟವಾಗುತ್ತದೆಂದು ಯಾರಾದರೂ ಆಗ ಹೇಳಿದ್ದರೆ ನಾನು ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಅಂಚೆಯಣ್ಣನ ಎಲ್ಲ ಮನೆಗಳನ್ನೂ ಮೇಡಂ ಕಣ್ಣಿದ್ದಾಗಲೇ ಬಾಯಿಪಾಠ ಮಾಡಿದ್ದವರು, ಕೊನೆಯದೊಂದನ್ನು ಬಿಟ್ಟು. ಕೊನೆಯ ಮನೆಯ ಅಂಗಳದಲ್ಲಿ ಒಂದು ನಾಯಿ ಇದೆ. ಅದು ಒಂದು ಸಲ ಓಡಿದಂತೆ ಇನ್ನೊಂದು ಸಲ ಓಡುವುದಿಲ್ಲ, ಅದಕ್ಕೆ ಸದ್ದೂ ಇಲ್ಲ, ನೋಡಿಯೇ ತಪ್ಪಿಸಿಕೊಳ್ಳಬೇಕು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಅವರ ಕಣ್ಣು ಮಸುಕಾಗಿತ್ತು. ಶಿಷ್ಯರು ಎಷ್ಟೋ ಜನ ಆ ಬಾಗಿಲು ದಾಟಿದವರಿದ್ದಾರೆ. ಅದರ ಹಿಂದೆ ಏನಿದೆ ಎಂದು ಹೇಳಲು ಹೊರಟರೆ ಮೇಡಂ ತಡೆಯುತ್ತಿದ್ದರು, “ಹೇಳ್ಬೇಡ್ರೋ, ನಾನೇ ಹೋಗಿ ನೋಡ್ತೀನಿ.”

“ನೀವು ಪಕ್ಕದಲ್ಲಿ ಕೂತು ಹೇಳಿ ಸಾರ್, ನಾನು ಒತ್ತುತೀನಿ” ಎಂದರು.

ಇಷ್ಟು ಜನ ಆಟ ಬಲ್ಲ ಶಿಷ್ಯರಿರುವಾಗ ನಾನೇ ಯಾಕೆ ಎಂದೆ. “ಅವರಿಗೆ ದಾರಿ ಗೊತ್ತು, ನನ್ನ ಕೈಹಿಡಿದು ದಾಟಿಸ್ಬಿಡ್ತಾರೆ. ನಿಮಗೆ ಆಟ ಬರಲ್ಲ, ಹಾಗಾಗಿ ಕಂಡದ್ದನ್ನಷ್ಟೇ ಹೇಳ್ತೀರಿ” ಎಂದರು. ಸೇವೆಯುದ್ದಕ್ಕೂ ನನಗೆ ಸಂದ ಪ್ರಶಂಸೆಗಳಲ್ಲಿ ಇದನ್ನು ನಾನು ದೊಡ್ಡದೆಂದು ತಿಳಿದಿದ್ದೇನೆ.

ಏಣಿ ಮನೆ, ಒದ್ದೆ ಸೂರು, ಗಿರಣಿ ಎಲ್ಲವನ್ನೂ ಅವರು ನನ್ನ ನೆರವಿಲ್ಲದೆ ಹಾರಿಸಿಕೊಂಡು ಬಂದರು. ಕೊನೆಯ ಅಂಗಳ ಬಂತು. ನಾಯಿ ಎದುರಿಗೆ ಬಂದು ನಿಂತಿತು. “ನಾಯಿ ಎಡಕ್ಕೆ ತಿರುಗ್ತು” ಎಂದೆ. “ನಿಮ್ಮ ಎಡಕ್ಕೋ, ನಾಯಿ ಎಡಕ್ಕೋ?” ಎಂದರು. ಜೀವಮಾನವಿಡೀ ರೇಖಾಗಣಿತ ಕಲಿಸಿದ ನಾನು ಅದನ್ನು ಯೋಚಿಸುವಷ್ಟರಲ್ಲಿ ನಾಯಿ ಕಚ್ಚಿತು. ಡುಂಯ್. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವರ ಮನೆಯವರೂ ನಕ್ಕರು, ಅವರು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋಗುತ್ತೇನೆ. ಎಡ ಯಾವುದು ಬಲ ಯಾವುದು ಎಂಬುದರಲ್ಲಿ ಈಗ ಸಾಕಷ್ಟು ಪ್ರಗತಿಯಾಗಿದೆ. ಅಂಚೆಯಣ್ಣ ಬಾಗಿಲ ಹತ್ತಿರಹತ್ತಿರಕ್ಕೆ ಹೋಗುತ್ತಾನೆ, ಕಚ್ಚಿಸಿಕೊಂಡು ಬರುತ್ತಾನೆ.

ಈ ಸಂಪುಟವನ್ನು ಮೇಡಂ ಅವರಿಗೆ ಯಾರಾದರೂ ಓದಿ ಹೇಳುತ್ತಾರೆ ಎಂಬ ಎಚ್ಚರದಿಂದ ಇದನ್ನು ಬರೆದಿದ್ದೇನೆ. ಉತ್ಪ್ರೇಕ್ಷೆ ಬಂದ ಕಡೆ ಅವರು ಓದುವವರನ್ನು ನಿಲ್ಲಿಸಿ, ಅದು ಸುಳ್ಳು ಎನ್ನುತ್ತಾರೆ. ಆದ್ದರಿಂದ ನೂರು ವರ್ಷ ಬಾಳಲಿ, ಅವರ ಸೇವೆ ನಾಡಿಗೆ ಇನ್ನೂ ಸಲ್ಲಲಿ ಎಂಬ ಮಾತುಗಳನ್ನು ಇತರ ಲೇಖಕರಿಗೆ ಬಿಟ್ಟು, ನನ್ನ ಸ್ವಾರ್ಥದ ಹಾರೈಕೆಯನ್ನಷ್ಟೇ ಇಡುತ್ತೇನೆ. ಆ ಬಾಗಿಲ ಹಿಂದೆ ಏನಿದೆಯೋ ನನಗೂ ಗೊತ್ತಿಲ್ಲ, ಕೇಳಿಯೂ ಇಲ್ಲ. ಅದು ಬೇಗ ತೆರೆಯಬೇಕೆಂಬ ಅವಸರ ನನಗಿಲ್ಲ, ನಾಯಿಗೂ ಇದ್ದಂತಿಲ್ಲ. ನನ್ನ ಕಣ್ಣು ಇರುವವರೆಗೆ, ನಿಮ್ಮ ಬೆರಳು ಇರುವವರೆಗೆ, ಭಾನುವಾರಗಳು ಬರುತ್ತಲೇ ಇರಲಿ. ನಾನು ಹೇಳುತ್ತೇನೆ ಮೇಡಂ, ನೀವು ಒತ್ತಿ.